ಮುಳುಗಿದ ಮನೆಯೂ ತಿರುಗಿ ಬರುತ್ತದೆಯೇ?

ನಾನು ಕ್ರೈಸ್ತನೆಂದು ಗೊತ್ತಾದ ಮೇಲೆ, ಬಾಗಲಕೋಟೆಯ ಮುಳುಗಡೆಯವರಿಗಾಗಿ ಕಟ್ಟಿದ ನವನಗರದಲ್ಲಿ ಬಹಳ ಜನ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ದೇವರು ಎಲ್ಲವನ್ನೂ ಸರಿಮಾಡುತ್ತಾನೆ ಎನ್ನುತ್ತೀರಲ್ಲ, ಸರಿಮಾಡುವುದು ಎಂದರೇನು? ಹಳೇ ಓಣಿಯಲ್ಲೂ ನಮಗೆ ನೆರೆಯವರಾಗಿದ್ದ ಕಾಕಾ ಮೊನ್ನೆ ಕಟ್ಟೆಯ ಮೇಲೆ ಕುಳಿತು ನೇರವಾಗಿಯೇ ಕೇಳಿದರು: “ಹಾಗಾದರೆ ಹಿನ್ನೀರಿನಲ್ಲಿ ಹೋದ ನಮ್ಮ ಮನೆಯೂ ತಿರುಗಿ ಬರುತ್ತದೇನು, ತಮ್ಮಾ?”

ಬಾಗಲಕೋಟೆಯವರಿಗೆ ಇದು ಚೇಷ್ಟೆಯ ಮಾತಲ್ಲ. ಆಲಮಟ್ಟಿ ಅಣೆಕಟ್ಟಿನಲ್ಲಿ ತಡೆದ ಕೃಷ್ಣೆಯ ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೆ ಒತ್ತಿ ಬಂದು ನಮ್ಮ ಓಣಿಗಳನ್ನು ನುಂಗಿತು. ಈಗ 519.60 ಮೀಟರಿಗೆ ನಿಲ್ಲುವ ನೀರನ್ನು 524.256ಕ್ಕೆ ಏರಿಸಲು 2010ರಲ್ಲೇ ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದೆ. ಮುಳುಗಡೆ ಇನ್ನೂ ಮುಗಿದ ಕಥೆಯಲ್ಲ. ಹೀಗಾಗಿ ಇಲ್ಲಿ ಮಕ್ಕಳಿಗೂ ಬಾಯಿಪಾಠವಾದ ಶಬ್ದ ‘ಪರಿಹಾರ’. ಹೋದದ್ದಕ್ಕೆ ಒಂದು ಬೆಲೆ, ಬದಲಿಗೆ ಒಂದು ನಿವೇಶನ, ಒಂದು ಸೆಕ್ಟರ್ ನಂಬರು.

ದೇವರ ಮಾತನ್ನೂ ಜನ ಹೀಗೆಯೇ ತಿಳಿಯುತ್ತಾರೆ, ನಮ್ಮ ಸಭೆಯವರೂ ಸೇರಿ. ಭೂಮಿ ಕೆಟ್ಟುಹೋಯಿತು, ಬದಲಿಗೆ ಸ್ವರ್ಗದಲ್ಲೊಂದು ನಿವೇಶನ! ನಾನು ಇದನ್ನು ಒಪ್ಪುವುದಿಲ್ಲ. ಸಮಸ್ತವನ್ನೂ ಸರಿಮಾಡುವ ಕಾಲದ ಮಾತನ್ನು ಯೇಸುವಿನ ಶಿಷ್ಯ ಪೇತ್ರನು ಆಡಿದ್ದು ಬೈಬಲಿನ ಅಪೊಸ್ತಲರ ಕೃತ್ಯಗಳ ಮೂರನೆಯ ಅಧ್ಯಾಯದಲ್ಲಿ. ಅದಕ್ಕೆ ಸ್ವಲ್ಪ ಮೊದಲು, ದೇವಾಲಯದ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಹುಟ್ಟುಕುಂಟನೊಬ್ಬ, ವಯಸ್ಸು ನಲವತ್ತು ದಾಟಿದವನು, ಎದ್ದು ಕುಣಿದಾಡಿದ್ದ. ಅವನಿಗೆ ಬೇರೆ ಕಾಲು ಸಿಗಲಿಲ್ಲ. ಅವೇ ಪಾದ, ಅವೇ ಹರಡು, ಬಲ ಬಂತು. ಅವನು ಕೇಳಿದ್ದು ಕಾಸು. ಕೊಟ್ಟಿದ್ದರೆ ಅದು ಪರಿಹಾರವಾಗುತ್ತಿತ್ತು.

ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಕೊನೆಯಲ್ಲಿಯೂ ಮನುಷ್ಯರು ಮೇಲಕ್ಕೆ ಹೋಗುವುದಿಲ್ಲ, ದೇವರ ಪಟ್ಟಣವೇ ಕೆಳಗಿಳಿದು ಬರುತ್ತದೆ. ಅಲ್ಲಿ ಇನ್ನು ಸಮುದ್ರವಿಲ್ಲ ಎಂಬ ಮಾತಿದೆ. ಮುಳುಗಡೆಯ ಊರಿನವನಾದ ನನಗೆ ಅದನ್ನು ಓದಿದಾಗಲೆಲ್ಲ ಒಳಗೊಳಗೇ ಖುಷಿ. ಆದರೆ ಅದು ಭಯ, ಅಲ್ಲೋಲಕಲ್ಲೋಲದ ಗುರುತು. ಅದನ್ನು ಆಲಮಟ್ಟಿಗೆ ಹಚ್ಚಿದರೆ ಅದೇ ನೀರಿನಲ್ಲಿ ಬೆಳೆ ತೆಗೆಯುವ ವಿಜಯಪುರದ ಬೀಗರು ನನ್ನನ್ನು ಮನೆಗೆ ಸೇರಿಸುವುದಿಲ್ಲ.

ಕಾಕಾನಿಗೆ ನಾನು ಹೇಳಿದ್ದು ಪ್ರವಾದಿ ಯೆಶಾಯನ ಪುಸ್ತಕದ 65ನೆಯ ಅಧ್ಯಾಯ. ಹೊಸ ಭೂಮಿಯಲ್ಲಿ ಕಟ್ಟಿದವರೇ ಮನೆಯಲ್ಲಿ ಇರುತ್ತಾರೆ, ನೆಟ್ಟವರೇ ಹಣ್ಣು ತಿನ್ನುತ್ತಾರೆ. ಒಬ್ಬರು ಕಟ್ಟಿ ಇನ್ನೊಬ್ಬರು ಇರುವುದು ಅಲ್ಲಿಲ್ಲ. ಮನೆ ಕಳೆದುಕೊಂಡು ಬಾಬಿಲೋನಿಗೆ ಸೆರೆಯಾಗಿ ಹೋದ ಜನರ ಪುಸ್ತಕ ಅದು.

“ಯಾವಾಗ?” ಎಂದರು ಕಾಕಾ.

ತಾರೀಖು ತಿಳಿಯುವುದು ನಿಮ್ಮ ಕೆಲಸವಲ್ಲ ಎಂದು ಯೇಸುವೇ ಶಿಷ್ಯರಿಗೆ ಹೇಳಿದ್ದಾನೆ ಎಂದೆ. ಅವರಿಗೆ ಅಷ್ಟು ರುಚಿಸಲಿಲ್ಲ. ಕಚೇರಿಗಳಲ್ಲಿ ಇಂಥ ಉತ್ತರ ಬಹಳ ಕೇಳಿದ್ದಾರೆ. ಆದ್ದರಿಂದ ನಮ್ಮ ಬಾಗಿಲನ್ನು ತೋರಿಸಿದೆ. ಅದು ಹಳೇ ಮನೆಯದು. ನೀರು ಬರುವ ಮುನ್ನ ಅಪ್ಪ ಚೌಕಟ್ಟು ಸಮೇತ ಕಿತ್ತು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದರು. ಬಡಿಗ ಕೀಸಿ ನುಣುಪು ಮಾಡಿದ. ಮೊಳೆಯ ತೂತುಗಳನ್ನು ಮುಚ್ಚಲೇ ಎಂದು ಕೇಳಿದಾಗ ಅಪ್ಪ ಬೇಡವೆಂದರು. ಸತ್ತು ಎದ್ದು ಬಂದ ಯೇಸು ಶಿಷ್ಯ ತೋಮನಿಗೆ ತೋರಿಸಿದ ಕೈಯಲ್ಲೂ ಮೊಳೆಯ ಗುರುತು ಹಾಗೆಯೇ ಇತ್ತು ಎಂದು ನಾನು ಹೇಳುತ್ತಿದ್ದೆ. ಕಾಕಾ ಆಗಲೇ ಎದ್ದು ಹೋಗಿ ಚೌಕಟ್ಟಿನ ಮೇಲಿನ ತೂತಿನ ಮೇಲೆ ಹೆಬ್ಬೆರಳು ಇಟ್ಟಿದ್ದರು.

“ಇದು ನೀವು ಕ್ರಿಸ್‌ಮಸ್ಸಿಗೆ ನಕ್ಷತ್ರ ತೂಗುಹಾಕುತ್ತಿದ್ದ ಮೊಳೆಯದಲ್ಲವೇ?” ಎಂದರು.