ಸರಾಸರಿ ಹೇಳದ ಸಂಬಳದ ಲೆಕ್ಕ

ಬೆಂಗಳೂರಿನ ಒಂದು ಮಧ್ಯಮ ಗಾತ್ರದ ಸಾಫ್ಟ್‌ವೇರ್ ಕಂಪನಿಯಲ್ಲಿ ನಾನು ಪೇರೋಲ್ ನೋಡಿಕೊಳ್ಳುತ್ತೇನೆ. ಒಬ್ಬ ವಿದೇಶಿ ಗ್ರಾಹಕರು ಕಳಿಸಿದ ಫಾರಂನಲ್ಲಿ ಒಂದು ಪ್ರಶ್ನೆ ಇತ್ತು: ನಿಮ್ಮಲ್ಲಿ ಗಂಡಸರ ಮತ್ತು ಹೆಂಗಸರ ಸಂಬಳದ ನಡುವೆ ಅಂತರ ಎಷ್ಟು? ಬ್ರಿಟನ್ನಿನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಈ ಅಂಕಿ ಪ್ರಕಟಿಸಬೇಕು ಅನ್ನುವ ನಿಯಮ 2017ರಲ್ಲೇ ಬಂದಿದೆ. ನಮ್ಮಲ್ಲೂ ಷೇರುಪೇಟೆಯ ದೊಡ್ಡ ಕಂಪನಿಗಳು ಷೇರುಪೇಟೆ ನಿಯಂತ್ರಕ ಸೆಬಿ ಕೇಳುವ ಬಿಆರ್‌ಎಸ್‌ಆರ್ (ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆ) ವರದಿಯಲ್ಲಿ ಇದನ್ನು ತೋರಿಸಬೇಕು. ನಮ್ಮ ಕಂಪನಿ ಆ ಪಟ್ಟಿಗೆ ಬರುವಷ್ಟು ದೊಡ್ಡದಲ್ಲ. ಆದರೆ ಗ್ರಾಹಕರು ಕೇಳಿದ ಮೇಲೆ ಕೊಡಲೇಬೇಕಲ್ವಾ? "ಎರಡು ಸರಾಸರಿ ಹಾಕಿ ಕಳಿಸಿಬಿಡಿ ಮೇಡಂ" ಅಂದರು ಮೇಲಿನವರು.

ಹಾಗೆ ಕಳಿಸಬಹುದಿತ್ತು. ಆದರೆ ಸರಾಸರಿ ಸಂಬಳದ ವಿಷಯದಲ್ಲಿ ಬಹಳ ಬೇಗ ದಾರಿ ತಪ್ಪಿಸುತ್ತದೆ. ಐದು ಜನರಿಗೆ ವರ್ಷಕ್ಕೆ 6, 6, 7, 7 ಮತ್ತು 34 ಲಕ್ಷ ಇದೆ ಅಂದುಕೊಳ್ಳಿ. ಸರಾಸರಿ 12 ಲಕ್ಷ. ಆ ಐವರಲ್ಲಿ ಯಾರಿಗೂ 12ರ ಹತ್ತಿರದ ಸಂಬಳವೂ ಇಲ್ಲ! ಸಾಲಾಗಿ ನಿಲ್ಲಿಸಿ ನಡುವಿನವರನ್ನು ಹಿಡಿದರೆ 7 ಲಕ್ಷ. ಅದೇ ಮಧ್ಯಾಂಕ. ಡೈರೆಕ್ಟರ್‌ಗಳೆಲ್ಲ ಗಂಡಸರೇ ಆಗಿರುವ ಕಡೆ ಗಂಡಸರ ಸರಾಸರಿ ಸುಮ್ನೆ ಮೇಲಕ್ಕೆ ಹಾರುತ್ತದೆ. ಹಾಗಾಗಿ ಎರಡನ್ನೂ ಅಕ್ಕಪಕ್ಕ ಇಟ್ಟೇ ನೋಡಬೇಕು.

ಅದಕ್ಕೂ ಮೊದಲು ಯಾವ ಸಂಬಳ ಅನ್ನೋದು ತೀರ್ಮಾನವಾಗಬೇಕು. ಮಾರ್ಚ್ ತಿಂಗಳು ಬ್ಯಾಂಕಿಗೆ ಹೋದ ಮೊತ್ತ ತೆಗೆದುಕೊಂಡರೆ, ಆ ತಿಂಗಳು ಸಂಬಳವಿಲ್ಲದ ರಜೆ ಹಾಕಿದವರು ಕಡಿಮೆ ಪಡೆಯುವವರ ಹಾಗೆ ಕಾಣುತ್ತಾರೆ. ನಾನು ಒಪ್ಪಂದದಲ್ಲಿರುವ ವರ್ಷದ ಫಿಕ್ಸೆಡ್ ಸಂಬಳ ಮಾತ್ರ ತೆಗೆದುಕೊಂಡೆ. ವೇರಿಯಬಲ್ ಪೇ, ಅಂದರೆ ಕೆಲಸದ ರೇಟಿಂಗ್ ನೋಡಿ ಕೊಡುವ ಭಾಗ, ಬೇರೆ ಶೀಟಿಗೆ ಹೋಯಿತು. ಹೆಸರುಗಳ ಕಾಲಂ ಅಳಿಸಿದೆ. ಪಕ್ಕದ ಮೇಜಿನವರ ಸಂಬಳ ಹೆಸರಿನ ಸಮೇತ ಕಣ್ಣೆದುರು ಇದ್ದರೆ ತಲೆ ಲೆಕ್ಕದ ಕಡೆ ಹೋಗಲ್ಲ.

ಒಟ್ಟು ಮಧ್ಯಾಂಕ ನೋಡಿದಾಗ ಗಂಡಸರದು ಸಾಕಷ್ಟು ಮೇಲಿತ್ತು. ಗ್ರೇಡ್ ಪ್ರಕಾರ ಪಿವಟ್ ಟೇಬಲ್ (ಗುಂಪು ಮಾಡಿ ಲೆಕ್ಕ ತೋರಿಸುವ ಪಟ್ಟಿ) ಹಾಕಿದಾಗ ಅಂತರ ಬಹಳ ಸಣ್ಣದಾಯಿತು. ಮೀಟಿಂಗಿನಲ್ಲಿ ಎಲ್ಲರ ಮುಖದಲ್ಲೂ ನೆಮ್ಮದಿ. ಇದು ಹೇಗಾಗುತ್ತದೆ ಅಂತ ಒಂದು ಕಾಲ್ಪನಿಕ ಲೆಕ್ಕ ನೋಡಿ. ಜೂನಿಯರ್‌ಗೆ 5 ಲಕ್ಷ, ಸೀನಿಯರ್‌ಗೆ 20 ಲಕ್ಷ. ಗಂಡಸರಾಗಲಿ ಹೆಂಗಸರಾಗಲಿ ಅಷ್ಟೇ. ಗಂಡಸರಲ್ಲಿ 10 ಜನ ಜೂನಿಯರ್, 10 ಜನ ಸೀನಿಯರ್. ಹೆಂಗಸರಲ್ಲಿ 16 ಜನ ಜೂನಿಯರ್, 4 ಜನ ಸೀನಿಯರ್. ಗಂಡಸರ ಸರಾಸರಿ 12.5 ಲಕ್ಷ, ಹೆಂಗಸರದು 8 ಲಕ್ಷ. ಅಂದರೆ ಶೇಕಡಾ 36ರಷ್ಟು ಕಡಿಮೆ, ಗ್ರೇಡಿನ ಒಳಗೆ ಒಂದು ರೂಪಾಯಿ ವ್ಯತ್ಯಾಸ ಇಲ್ಲದೆ.

ಇಲ್ಲಿಗೆ ಫೈಲ್ ಮುಚ್ಚುವ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಸೀನಿಯರ್ ಗ್ರೇಡಿಗೆ ಹೆಂಗಸರು ಯಾಕೆ ಅಷ್ಟು ಕಮ್ಮಿ? ಪ್ರಮೋಷನ್‌ನಲ್ಲೇ ತಾರತಮ್ಯ ಇದ್ದರೆ, ಗ್ರೇಡ್ ಪ್ರಕಾರ ಹೋಲಿಸಿದ ತಕ್ಷಣ ಅದು ಲೆಕ್ಕದಿಂದಲೇ ಮಾಯವಾಗುತ್ತದೆ. ಹಾಗಾಗಿ ಗ್ರೇಡ್ ಸೇರಿಸಿದ ಲೆಕ್ಕ, ಸೇರಿಸದ ಲೆಕ್ಕ, ಎರಡನ್ನೂ ಕೊಡುತ್ತೇನೆ ಅಂತ ಹಠ ಹಿಡಿದೆ.

ಗ್ರೇಡಿನ ಒಳಗೆ ಉಳಿದ ಸಣ್ಣ ಅಂತರವನ್ನು "ಅದು ಆಕಸ್ಮಿಕ ಮೇಡಂ" ಅಂದರು ಮೀಟಿಂಗಿನಲ್ಲಿದ್ದವರು. ಇರಬಹುದು, ನೋಡೋಣ ಅಂದೆ. ಪರೀಕ್ಷಿಸುವ ದಾರಿ ಸುಲಭ. ಒಂದು ಗ್ರೇಡಿನ ಸಂಬಳಗಳನ್ನು ಹಾಗೇ ಬಿಟ್ಟು, ಗಂಡು–ಹೆಣ್ಣು ಅನ್ನುವ ಕಾಲಂ ಮಾತ್ರ ಇಸ್ಪೀಟೆಲೆ ಕಲಸಿದ ಹಾಗೆ ಕಲಸಬೇಕು. ಮತ್ತೆ ಅಂತರ ಲೆಕ್ಕ ಹಾಕಬೇಕು. ಕಂಪ್ಯೂಟರ್‌ನಲ್ಲಿ ಇದನ್ನು ಸಾವಿರ ಸಲ ಮಾಡಿಸಬಹುದು. ನಮ್ಮ ನಿಜವಾದ ಅಂತರದಷ್ಟು ದೊಡ್ಡದು ಆ ಸಾವಿರದಲ್ಲಿ ಪದೇ ಪದೇ ಬಂದರೆ ಆಕಸ್ಮಿಕ ಅನ್ನುವುದಕ್ಕೆ ಜಾಗ ಇದೆ. ಅಪರೂಪಕ್ಕೆ ಬಂದರೆ ಕಾರಣ ಹುಡುಕಬೇಕು. ಎರಡು ಸರಾಸರಿ ಹೋಲಿಸುವ ಟಿ-ಟೆಸ್ಟ್ ಅನ್ನುವ ಸಂಖ್ಯಾಶಾಸ್ತ್ರದ ಪರೀಕ್ಷೆ ಅಂದರೆ ಗಾಬರಿಯಾಗುವವರಿಗೂ ಇದು ಅರ್ಥವಾಗುತ್ತದೆ. ಒಂದು ಎಚ್ಚರಿಕೆ: ಮೇಲಿನ ಗ್ರೇಡಿನಲ್ಲಿ ಹೆಂಗಸರು ಇಬ್ಬರೋ ಮೂವರೋ ಇದ್ದರೆ ಈ ಪರೀಕ್ಷೆ ಏನೂ ಹೇಳಲಾರದು. "ಏನೂ ಸಿಗಲಿಲ್ಲ" ಅನ್ನುವುದನ್ನು "ಅಂತರ ಇಲ್ಲ" ಅಂತ ಓದಿಕೊಳ್ಳಬಾರದು. ಅಲ್ಲಿ ಒಬ್ಬೊಬ್ಬರ ಫೈಲ್ ತೆಗೆದು ಕೈಯಾರೆ ಹೋಲಿಸುವುದೇ ಸರಿ.

ನನಗೆ ನಿಜವಾದ ಉತ್ತರ ಸಿಕ್ಕಿದ್ದು ಇನ್ನೂ ಸರಳ ಜಾಗದಲ್ಲಿ. ಕಾಲೇಜಿನಿಂದ ನೇರ ಬಂದವರನ್ನೂ ಬೇರೆ ಕಂಪನಿಯಿಂದ ಬಂದವರನ್ನೂ ಬೇರೆ ಮಾಡಿದೆ. ಕ್ಯಾಂಪಸ್‌ನಿಂದ ಬಂದವರಲ್ಲಿ ಒಂದೇ ಬ್ಯಾಚ್‌ಗೆ ಒಂದೇ ಆಫರ್. ಅಲ್ಲಿ ಗಂಡು ಹೆಣ್ಣು ಸಮ. ಅಂತರ ಪೂರ್ತಿ ಎರಡನೇ ಗುಂಪಿನಲ್ಲೇ ಕೂತಿತ್ತು. ಅವರ ಆಫರ್ ಹೇಗೆ ಹಾಕುತ್ತಾರೆ? ಹಿಂದಿನ ಸಂಬಳದ ಮೇಲೆ ಇಷ್ಟು ಶೇಕಡಾ. ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟು, ಕೆಲವು ವರ್ಷದ ನಂತರ ವಾಪಸ್ ಬಂದವರಿಗೆ ಆ "ಹಿಂದಿನ ಸಂಬಳ" ಹಳೇ ಕಾಲದ್ದು. ಮಾರುಕಟ್ಟೆ ಅಷ್ಟರಲ್ಲಿ ಎಲ್ಲಿಗೋ ಹೋಗಿರುತ್ತದೆ.

ಆಮೇಲೆ ಇಂಕ್ರಿಮೆಂಟ್. ಎಲ್ಲರಿಗೂ ಒಂದೇ ಶೇಕಡಾ ಅಂದರೆ ನ್ಯಾಯ ಅನ್ನಿಸುತ್ತದೆ. ಒಬ್ಬರು 8 ಲಕ್ಷಕ್ಕೆ, ಇನ್ನೊಬ್ಬರು 9 ಲಕ್ಷಕ್ಕೆ ಸೇರಿದ್ದಾರೆ ಅನ್ನಿ. ವರ್ಷಕ್ಕೆ ಇಬ್ಬರಿಗೂ ಶೇಕಡಾ 10 ಏರಿಸಿ. ಐದು ಏರಿಕೆ ಆದಾಗ ಮೊದಲನೆಯವರದು 12.88 ಲಕ್ಷ, ಎರಡನೆಯವರದು 14.49 ಲಕ್ಷ. ಸೇರುವಾಗ ಇದ್ದ ಒಂದು ಲಕ್ಷ ರೂಪಾಯಿ ಅಂತರ 1.61 ಲಕ್ಷ ಆಗಿದೆ. ಯಾವ ಮ್ಯಾನೇಜರೂ ಯಾವತ್ತೂ ಭೇದ ಮಾಡಿಲ್ಲ.

"ಅವರು ಕೇಳಿದ್ದೇ ಅಷ್ಟು, ಒಪ್ಪಿಕೊಂಡೇ ಸೇರಿದ್ದಾರೆ" ಅನ್ನುವುದು ನೇಮಕಾತಿ ವಿಭಾಗದವರ ವಾದ. ನಾನು ಆಡ್ರೆ ಡಿಕೋಸ್ಟಾ ಪ್ರಕರಣ ನೆನಪಿಸಿದೆ. ಮೆಕಿನನ್ ಮೆಕೆಂಜಿ ಕಂಪನಿಯ ಸ್ಟೆನೋಗ್ರಾಫರ್ ಆಗಿದ್ದ ಆಕೆ, ಅದೇ ಕೆಲಸದ ಗಂಡಸರಿಗಿಂತ ಕಡಿಮೆ ಸಂಬಳ ಕೊಟ್ಟರು ಅಂತ ಹೋರಾಡಿದವರು. ಯೂನಿಯನ್ ಜೊತೆ ಒಪ್ಪಂದ ಆಗಿತ್ತು ಅನ್ನುವ ಕಂಪನಿಯ ಮಾತನ್ನೂ, ಅಷ್ಟು ಕೊಡಲು ಹಣವಿಲ್ಲ ಅನ್ನುವ ಮಾತನ್ನೂ 1987ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆಗಿದ್ದದ್ದು 1976ರ ಸಮಾನ ವೇತನ ಕಾಯ್ದೆ. ಈಗ ಅದು 2019ರ ವೇತನ ಸಂಹಿತೆಯೊಳಗೆ ಸೇರಿಕೊಂಡಿದೆ. ಮೀಟಿಂಗಿನಲ್ಲಿ ಕಾನೂನಿನ ಹೆಸರು ಬಂದಾಗ ಮೊಬೈಲ್ ನೋಡುತ್ತಿದ್ದವರೂ ತಲೆ ಎತ್ತಿದರು.

ಈಗ ನಮ್ಮ ಆಫರ್ ಫಾರಂನಲ್ಲಿ ಹಿಂದಿನ ಸಂಬಳದ ಕಾಲಂ ಇಲ್ಲ. ಪ್ರತಿ ಗ್ರೇಡಿಗೆ ಕೆಳಮಿತಿ, ಮೇಲ್ಮಿತಿ ಇದೆ. ಕೆಳಮಿತಿಗಿಂತ ಕೆಳಗಿದ್ದವರನ್ನು ಏಪ್ರಿಲ್ ಇಂಕ್ರಿಮೆಂಟಿಗೂ ಮೊದಲೇ ಮೇಲಕ್ಕೆತ್ತಲು ಬೇರೆ ಹಣ ತೆಗೆದಿಟ್ಟರು. ಅದರಲ್ಲಿ ಕೆಲವು ಗಂಡಸರಿಗೂ ಲಾಭವಾಯಿತು. ವೇರಿಯಬಲ್ ಪೇ ಶೀಟ್ ಮಾತ್ರ ಇನ್ನೂ ಬಾಕಿ. ಅದಕ್ಕೆ ಮ್ಯಾನೇಜರ್‌ಗಳು ಕೊಟ್ಟ ರೇಟಿಂಗ್ ಬೇಕು, ಹೆರಿಗೆ ರಜೆಯಲ್ಲಿದ್ದವರಿಗೆ ಏನು ರೇಟಿಂಗ್ ಹಾಕಿದ್ದಾರೆ ಅನ್ನುವುದೂ ಬೇಕು. ಕೇಳಿದ್ದೇನೆ. "ಈ ಕ್ವಾರ್ಟರ್ ಮುಗಿಯಲಿ ಮೇಡಂ" ಅನ್ನುತ್ತಿದ್ದಾರೆ.