ಸೆಲ್ಫ್ ಬದಲಿಸೋ ಮೊದಲು ಅದು ಕೂತ ಜಾಗ ನೋಡಿ

ಖಾನಾಪುರದ ಕಡೆಯಿಂದ ನಮ್ಮ ಬೆಳಗಾವಿ ಗ್ಯಾರೇಜಿಗೆ ಬರುವ ಹಳೇ ಡೀಸೆಲ್ ಜೀಪುಗಳದ್ದು ಹೆಚ್ಚಾಗಿ ಒಂದೇ ದೂರು: "ಸೆಲ್ಫ್ ಹೊಡದ್ರ ಗರ್ರ್ ಅಂತೈತ್ರಿ, ಒಮ್ಮೊಮ್ಮೆ ಹಿಡಿತೈತಿ, ಒಮ್ಮೊಮ್ಮೆ ಇಲ್ಲ." ಅಷ್ಟೊತ್ತಿಗೆ ಬ್ಯಾಟರಿ ಬದಲಾಗಿರುತ್ತದೆ, ಕಾರ್ಬನ್ ಬ್ರಷ್ ಹೊಸದಾಗಿರುತ್ತದೆ, ಕೆಲವರು ಸೆಲ್ಫ್ ಮೋಟಾರನ್ನೇ, ಅಂದರೆ ಎಂಜಿನ್ ಚಾಲೂ ಮಾಡುವ ಮೋಟಾರನ್ನೇ, ಹೊಸದು ತಂದು ಹಾಕಿಸಿರುತ್ತಾರೆ. ದುಡ್ಡು ಹೋಯ್ತು, ಸದ್ದು ಹೋಗಲಿಲ್ಲ. ಹಾಗಾಗಿ ನಾನು ಮೋಟಾರು ಬಿಚ್ಚುವ ಮೊದಲೇ ಗಾಡಿ ಕೆಳಗೆ ಮಲಗಿ, ಟಾರ್ಚ್ ಹಿಡಿದು, ಅದು ಹೇಗೆ ಕೂತಿದೆ ಅಂತ ನೋಡುತ್ತೇನೆ.

ಮೊದಲು ನೋಡುವುದು ಹಿಂದಿನ ಬ್ರಾಕೆಟ್. ಹಳೇ ಡೀಸೆಲ್ ಎಂಜಿನ್ನಿನ ಸೆಲ್ಫ್ ಉದ್ದ, ಭಾರ. ಮುಂದೆ ಬೆಲ್ ಹೌಸಿಂಗಿಗೆ (ಎಂಜಿನ್ನಿಗೂ ಗಿಯರ್ ಬಾಕ್ಸಿಗೂ ನಡುವಿನ ಕವಚ) ಬೋಲ್ಟ್ ಇದ್ದರೂ, ಹಿಂದಿನ ತುದಿಗೆ ಎಂಜಿನ್ ಬ್ಲಾಕಿನಿಂದ ಒಂದು ಆಸರೆ ಕೊಟ್ಟಿರುತ್ತಾರೆ, ಅದೇ ಬ್ರಾಕೆಟ್. ಹಿಂದೆ ಯಾರೋ ಮೋಟಾರು ಬಿಚ್ಚಿದಾಗ ಕೈ ಹೋಗಲ್ಲ ಅಂತ ಅದನ್ನು ಮತ್ತೆ ಹಾಕದೆ ಬಿಟ್ಟಿರುತ್ತಾರೆ. ಆಗ ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಮುಂದಕ್ಕೆ ಚಾಚಿ ಹಿಡಿದಂತೆ, ಭಾರವೆಲ್ಲ ಬೋಲ್ಟ್ ಕೂರುವ ಮುಂದಿನ ಎರಡು ಕಿವಿಗಳ ಮೇಲೆ. ಡೀಸೆಲ್ ಎಂಜಿನ್ನಿನ ನಡುಕ ಬೇರೆ. ಬೋಲ್ಟ್ ಸಡಿಲಾಗುತ್ತದೆ, ಇಲ್ಲವೇ ಕಿವಿ ಬಿರಿಯುತ್ತದೆ. ಬಿರಿದ ಕಿವಿಗೆ ವೆಲ್ಡಿಂಗ್ ಹೊಡೆಸಿ ಬ್ರಾಕೆಟ್ ಇಲ್ಲದೆ ಮತ್ತೆ ಏರಿಸಿದರೆ ಅದೇ ಜಾಗದಲ್ಲಿ ಮತ್ತೆ ಒಡೆಯುತ್ತದೆ.

ಬಹಳ ಮಂದಿ ಮರೆಯುವ ಸಂಗತಿ ಇನ್ನೊಂದಿದೆ. ಪಿನಿಯನ್ನನ್ನು (ಮೋಟಾರಿನ ತುದಿಯ ಸಣ್ಣ ಹಲ್ಲಿನ ಚಕ್ರ) ಫ್ಲೈವೀಲ್ ರಿಂಗಿನ (ಎಂಜಿನ್ ತಿರುಗಿಸುವ ದೊಡ್ಡ ಹಲ್ಲಿನ ಬಳೆ) ಎದುರು ಸರಿಯಾಗಿ ನಿಲ್ಲಿಸುವುದು ಬೋಲ್ಟ್ ಅಲ್ಲ. ಮೋಟಾರಿನ ಮೂತಿಯ ದುಂಡನೆ ಅಂಚು ಹೌಸಿಂಗಿನ ತೂತಿನಲ್ಲಿ ಬಿಗಿಯಾಗಿ ಕೂರಬೇಕು, ಬೋಲ್ಟ್ ಅದನ್ನು ಹಿಡಿದಿಡುತ್ತದೆ ಅಷ್ಟೇ. ಸಡಿಲ ಬೋಲ್ಟಿನಲ್ಲೇ ಬಹಳ ದಿನ ಓಡಿದ ಗಾಡಿಯಲ್ಲಿ ಆ ತೂತು ಸವೆದು ಅಂಡಾಕಾರವಾಗಿರುತ್ತದೆ. ಸಂದಿಗೆ ತಗಡು ತುರುಕುವುದನ್ನು ನಾನು ಒಪ್ಪುವುದಿಲ್ಲ. ಗಿಯರ್ ಬಾಕ್ಸ್ ಇಳಿಸಿ, ಹೌಸಿಂಗನ್ನು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನ ಲೇಥಿಗೆ ಒಯ್ದು, ಬೋರ್ ಮಾಡಿಸಿ (ತೂತನ್ನು ಮತ್ತೆ ದುಂಡಗೆ ಕೊರೆಸಿ) ಬುಷ್ (ಒಳಗೆ ಕೂರುವ ಲೋಹದ ಬಳೆ) ಕೂರಿಸುವುದೇ ದಾರಿ. ಮಾಲೀಕರಿಗೆ ಇದು ಭಾರ ಅನಿಸುತ್ತದೆ, ಹಾಗಾಗಿ ಸವೆದ ತೂತನ್ನು ಅವರ ಕಣ್ಣಿಗೇ ತೋರಿಸುತ್ತೇನೆ.

"ಒಮ್ಮೊಮ್ಮೆ" ಹಿಡಿಯುವುದಕ್ಕೂ ಕಾರಣ ಇದೆ. ನಾಲ್ಕು ಸಿಲಿಂಡರಿನ ಎಂಜಿನ್ ಆಫ್ ಆದಾಗ ಕಂಪ್ರೆಶನ್ ಒತ್ತಡದಿಂದ ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲೇ ನಿಲ್ಲುತ್ತದೆ. ರಿಂಗಿನ ಹಲ್ಲು ಅಲ್ಲೇ ಸವೆಯುತ್ತದೆ, ಆ ಸವೆದ ಹಲ್ಲು ಎದುರು ಬಂದಾಗ ಪಿನಿಯನ್ ಹಿಡಿಯುವುದಿಲ್ಲ. ಮೋಟಾರು ಇಳಿಸಿದಾಗ ಎಂಜಿನ್ನನ್ನು ಕೈಯಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ಎಲ್ಲ ಹಲ್ಲನ್ನೂ ನೋಡಿ. ಕಣ್ಣೆದುರು ಬಂದ ನಾಲ್ಕು ಹಲ್ಲು ಚೆನ್ನಾಗಿವೆ ಅಂತ ಮುಚ್ಚಿಬಿಟ್ಟರೆ ಹೊಸ ಪಿನಿಯನ್ನೂ ಹಾಳಾಗುತ್ತದೆ.

ಖಾನಾಪುರದ ಮಳೆಯ ಗಾಡಿಗಳಲ್ಲಿ ತುಕ್ಕಿನ ಕಾಟವೂ ಸೇರುತ್ತದೆ. ಹೆಚ್ಚಿನ ಸೆಲ್ಫ್‌ಗಳಿಗೆ ಅರ್ಥಿಂಗ್ ಅವುಗಳ ಮೈಯಿಂದಲೇ. ಕೂರುವ ಮುಖದಲ್ಲಿ ತುಕ್ಕೋ ಪೇಂಟೋ ಇದ್ದರೆ ಕರೆಂಟ್ ವಾಪಸ್ ಹೋಗಲು ದಾರಿ ಸಿಗುವುದಿಲ್ಲ, ಮೋಟಾರು ಮಂದವಾಗುತ್ತದೆ. ಸೆಲ್ಫ್ ಹೊಡೆಯುವಾಗ ಮೋಟಾರಿನ ಮೈಗೂ ಬ್ಯಾಟರಿ ನೆಗೆಟಿವ್‌ಗೂ ಮಲ್ಟಿಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಮರಿ ಪೇಪರ್ ತೆಗೆದುಕೊಳ್ಳಿ, ಲೋಹ ಹೊಳೆಯುವವರೆಗೆ ಉಜ್ಜಿ. ಅರ್ಥಿಂಗ್ ವೈರಿನ ಎರಡೂ ತುದಿಗಳನ್ನೂ ಬಿಚ್ಚಿ ಸ್ವಚ್ಛ ಮಾಡಿ.

ಬೋಲ್ಟ್ ಕೂರುವ ತೂತಿನ ಥ್ರೆಡ್ ಹೋಗಿದ್ದರೆ ದಪ್ಪ ಬೋಲ್ಟ್ ಬಡಿದು ಕೂರಿಸಬೇಡಿ. ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡುವ ತಂತಿಯ ಸುರುಳಿ) ಹಾಕಿಸಿದರೆ ಅದೇ ಅಳತೆಯ ಬೋಲ್ಟ್ ಉಳಿಯುತ್ತದೆ.

ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಲೇಬೇಕು. ಸೆಲ್ಫಿನ ದಪ್ಪ ಕೇಬಲ್ಲಿಗೆ ಸಾಮಾನ್ಯವಾಗಿ ಫ್ಯೂಸ್ ಇರುವುದಿಲ್ಲ, ಪಾನಾ ತಾಗಿದರೆ ಕೈ ಸುಡುತ್ತದೆ. ಕೂರಿಸುವಾಗ ಮುಂದಿನ ಬೋಲ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ, ಮುಖ ಪೂರ್ತಿ ಕೂತ ಮೇಲೆ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಬ್ರಾಕೆಟ್ ಕೊನೆಗೆ. ಅದರ ತೂತು ಕೂಡದಿದ್ದರೆ ಬ್ರಾಕೆಟ್ಟಿನ ತೂತನ್ನು ಕಾನಸಿನಿಂದ (ಅರದಿಂದ) ಉದ್ದ ಮಾಡಿ, ಮೋಟಾರನ್ನು ಎಳೆದು ಕೂಡಿಸಬೇಡಿ.