ವೆಲ್ಲೆಸ್ಲಿ ಚಾರ್ಟು: ಕೊನೆಗೂ ಆನ್ ಸಿಕ್ಕಳು

ನಾನು ಬರೆಯುತ್ತಿರುವ ವೆಲ್ಲೆಸ್ಲಿ ವಂಶವೃಕ್ಷದ ಚಾರ್ಟಿನಲ್ಲಿ ಇಷ್ಟು ಕಾಲ ಪ್ರಶ್ನೆ ಗುರುತು ಹೊತ್ತು ಕೂತಿದ್ದ ಡಬ್ಬಿಗೆ ಈ ವಾರ ಹೆಸರು ತುಂಬಿದೆ. ಆನ್ ವೆಲ್ಲೆಸ್ಲಿ, ಹುಟ್ಟಿದ್ದು 1788. ಅಪ್ಪ ರಿಚರ್ಡ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಗವರ್ನರ್ ಜನರಲ್ ಆಗಿದ್ದನಲ್ಲ, ಅವನೇ. ವಾಟರ್ಲೂ ಗೆದ್ದ ಆರ್ಥರನ ಅಣ್ಣ. ಆನ್ ಸಿಕ್ಕಿದರೆ ಅಲ್ಲಿಂದ ಈಗಿನ ದೊರೆ ಮೂರನೇ ಚಾರ್ಲ್ಸ್‌ವರೆಗೆ ಗೆರೆ ನೇರ ಇಳಿಯುತ್ತದೆ.

ಇದೇನು ಹೊಸ ಶೋಧ ಅಲ್ಲ, ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಆದರೆ ಇನ್ನೊಬ್ಬರ ಮರದಿಂದ ಕೊಂಬೆ ಕಿತ್ತು ನನ್ನ ಮರಕ್ಕೆ ಕಟ್ಟುವುದಿಲ್ಲ ಅನ್ನುವುದು ನನ್ನ ಹಠ. ಗೆಡ್‌ಕಾಮ್ (ವಂಶವೃಕ್ಷದ ಮಾಹಿತಿಯನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಒಯ್ಯುವ ಕಡತ) ಆಮದು, ಡ್ಯೂಕ್, ಮಾರ್ಕ್ವಿಸ್, ಅರ್ಲ್, ವೈಕೌಂಟ್, ಬ್ಯಾರನ್ ಅಂತ ಕೆಳಗಿಳಿಯುವ ಬಿರುದುಗಳ ಮೆಟ್ಟಿಲು, ಇವನ್ನೆಲ್ಲ ಬಿಟ್ಟು ಮುಂದೆ ಹೋಗುತ್ತೇನೆ.

ಮನೆತನದ ಹೆಸರಿನ ಗೋಳು ಮಾತ್ರ ಒಂದಿಷ್ಟು ಹೇಳಲೇಬೇಕು. ರಿಚರ್ಡನ ತಾತ ಹುಟ್ಟಿದ್ದು ಕಾಲಿ ಅನ್ನುವ ಮನೆತನದಲ್ಲಿ. 1728ರಲ್ಲಿ ನಂಟ ಗ್ಯಾರೆಟ್ ವೆಸ್ಲಿಯ ಆಸ್ತಿ ಬಂತು, ವೆಸ್ಲಿ ಆದ. ಮೊಮ್ಮಕ್ಕಳ ಕಾಲಕ್ಕೆ ಅದೇ ವೆಲ್ಲೆಸ್ಲಿ ಆಯಿತು. ಮೊಮ್ಮಕ್ಕಳಲ್ಲಿ ವಿಲಿಯಂ ಅನ್ನುವವನಿಗೆ ಇನ್ನೊಬ್ಬ ನಂಟನ ಆಸ್ತಿ ಸಿಕ್ಕಿ ವೆಲ್ಲೆಸ್ಲಿ-ಪೋಲ್ ಆದ. ಅವನ ಮಗ 1812ರಲ್ಲಿ ಭಾರೀ ಸಿರಿವಂತೆ ಕ್ಯಾಥರಿನ್ ಟಿಲ್ನಿ-ಲಾಂಗ್‌ಳನ್ನು ಮದುವೆಯಾಗಿ ಪೋಲ್-ಟಿಲ್ನಿ-ಲಾಂಗ್-ವೆಲ್ಲೆಸ್ಲಿ ಆದ. ಆಸ್ತಿ ಬೆಳೆದಷ್ಟೂ ಹೆಸರು ಉದ್ದ. ಸಾಫ್ಟ್‌ವೇರ್ ಪಾಪ, ಒಂದೇ ಮನೆಯವರನ್ನು ನಾಲ್ಕು ಮನೆತನ ಅಂದುಕೊಂಡು ನಾಲ್ಕು ಬಣ್ಣ ಬಳಿದಿತ್ತು.

ಈಗ ಆನ್ ವಿಷಯ. ಪೀರೇಜ್ ಪುಸ್ತಕಗಳಿಗೆ, ಅಂದರೆ ಬ್ರಿಟನ್ನಿನ ಬಿರುದುದಾರ ಮನೆತನಗಳ ವಂಶಾವಳಿ ಪುಸ್ತಕಗಳಿಗೆ, ಮುಖ್ಯ ರಕ್ತ ಅಲ್ಲ, ಬಿರುದು. ಬಿರುದು ಯಾರ ತಲೆಗೆ ಹೋಯಿತು ಅನ್ನುವುದೇ ಅವುಗಳ ಲೆಕ್ಕ. ರಿಚರ್ಡನ ಮಾರ್ಕ್ವಿಸ್ ಪದವಿ 1842ರಲ್ಲಿ ಅವನ ಜೊತೆಗೇ ಸತ್ತಿತು. ಮಾರ್ನಿಂಗ್‌ಟನ್ ಅರ್ಲ್ ಪದವಿ ತಮ್ಮ ವಿಲಿಯಂಗೆ ಹೋಯಿತು. ಹಾಗಂತ ರಿಚರ್ಡನಿಗೆ ಮಕ್ಕಳೇ ಇರಲಿಲ್ಲವಾ? ಐದು ಜನ ಇದ್ದರು! ತಾಯಿ ಇಯಾಸಿಂತ್ ಗಾಬ್ರಿಯೆಲ್ ರೋಲಾಂ, ಫ್ರಾನ್ಸಿನವಳು. ಇಬ್ಬರೂ ಮದುವೆಯಾದದ್ದು 1794ರಲ್ಲಿ, ಐದೂ ಮಕ್ಕಳು ಹುಟ್ಟಿದ ಮೇಲೆ. ಆಗಿನ ಇಂಗ್ಲಿಷ್ ಕಾನೂನಿನಲ್ಲಿ ಅಪ್ಪ-ಅಮ್ಮ ಆಮೇಲೆ ತಾಳಿ ಕಟ್ಟಿಕೊಂಡರೂ ಮಕ್ಕಳು ಸಕ್ರಮ ಆಗುತ್ತಿರಲಿಲ್ಲ. ಅದಕ್ಕೆ ದಾರಿ ಆದದ್ದು 1926ರ ಕಾಯ್ದೆಯಿಂದ, ಆಗಲೂ ಬಿರುದನ್ನು ಹೊರಗೇ ಇಟ್ಟರು.

ಹೀಗಾಗಿ ನನ್ನ ತಪಾಸಣೆ ಟೂಲು ಪ್ರತಿ ಸಲವೂ ಕೆಂಪು ದೀಪ ಹಚ್ಚುತ್ತದೆ: ಮಗು ಮದುವೆಗೆ ಮೊದಲೇ ಹುಟ್ಟಿದೆ, ನೋಡಿ. ನೋಡಿದ್ದೇನಪ್ಪಾ, ಸುಮ್ನಿರು. ಆನ್‌ಲೈನ್ ಮರಗಳಲ್ಲಿ ಕೆಲವು ಪುಣ್ಯಾತ್ಮರು ಈ ಕಾಟ ತಡೆಯಲಾರದೆ ಮದುವೆಯ ವರ್ಷವನ್ನೇ ಹಿಂದಕ್ಕೆ ತಳ್ಳಿ ಎಲ್ಲರನ್ನೂ ಸಭ್ಯರನ್ನಾಗಿ ಮಾಡಿಬಿಟ್ಟಿದ್ದಾರೆ. ಅದನ್ನು ನಕಲು ಮಾಡಿದವರು ಇನ್ನಷ್ಟು ಜನ.

ಹುಡುಕಾಟ ಕೂಡ ಅಷ್ಟೇ ಕಷ್ಟ. 'ಲೇಡಿ ಆನ್' ಅಂತ ಕೊಟ್ಟರೆ ಇಂಗ್ಲೆಂಡಿನ ಆನ್‌ಗಳೆಲ್ಲ ಮೆರವಣಿಗೆ ಬರುತ್ತಾರೆ, ಇವಳೊಬ್ಬಳನ್ನು ಬಿಟ್ಟು. ಗಂಟು ಬಿಚ್ಚಿಕೊಂಡದ್ದು ಇಲ್ಲೇ. ಅರ್ಲನ ಸಕ್ರಮ ಮಗಳಾದರೆ ಹುಟ್ಟಿನಿಂದಲೇ ಲೇಡಿ ಆನ್. ಅಪ್ಪ 1781ರಿಂದಲೇ ಅರ್ಲ್, ಆದರೂ ಇವಳು ಬರೀ ಮಿಸ್ ವೆಲ್ಲೆಸ್ಲಿ. 1806ರಲ್ಲಿ ಬ್ಯಾರೊನೆಟ್ (ಬ್ಯಾರನ್‌ಗಿಂತ ಕೆಳಗಿನ, ವಂಶಪಾರಂಪರ್ಯದ 'ಸರ್' ಪದವಿ) ಸರ್ ವಿಲಿಯಂ ಆಬ್ಡಿಯನ್ನು ಮದುವೆಯಾಗಿ ಲೇಡಿ ಆಬ್ಡಿ. ಆಮೇಲೆ ಲಾರ್ಡ್ ಚಾರ್ಲ್ಸ್ ಬೆಂಟಿಂಕ್‌ನನ್ನು ಕಟ್ಟಿಕೊಂಡಳು. ಇವನು ಡ್ಯೂಕನ ಕಿರಿಯ ಮಗ, ಅಂಥವನ ಹೆಂಡತಿಗೆ ಗಂಡನ ಹೆಸರೇ ಹೆಸರು. ಹಾಗಾಗಿ ಅಲ್ಲಿಂದ ಮುಂದೆ ಲೇಡಿ ಚಾರ್ಲ್ಸ್ ಬೆಂಟಿಂಕ್! ಆನ್ ಅನ್ನುವ ಹೆಸರೇ ಕಾಗದದಿಂದ ಮಾಯ.

ಅವಳನ್ನು ಉಳಿಸಿಕೊಟ್ಟದ್ದು ಹಗರಣ. 1815ರಲ್ಲಿ ಅವಳು ಆಬ್ಡಿಯನ್ನು ಬಿಟ್ಟು ಲಾರ್ಡ್ ಚಾರ್ಲ್ಸ್ ಜೊತೆ ಓಡಿಹೋದಳು. 1857ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಮತ್ತೆ ಮದುವೆಯಾಗುವಂಥ ವಿಚ್ಛೇದನ ಬೇಕಾದರೆ ಪಾರ್ಲಿಮೆಂಟಿನಲ್ಲಿ ಕಾಯ್ದೆಯೇ ಪಾಸಾಗಬೇಕಿತ್ತು. ಚರ್ಚ್ ಕೋರ್ಟು, ಹೆಂಡತಿಯ ಪ್ರಿಯಕರನ ಮೇಲೆ ಪರಿಹಾರದ ದಾವೆ, ಕೊನೆಗೆ ಲಾರ್ಡ್ಸ್ ಸಭೆಯಲ್ಲಿ ಸಾಕ್ಷಿ ವಿಚಾರಣೆ. ಸಾಮಾನ್ಯರ ಕೈಗೆಟುಕದ ಖರ್ಚು. ಆದರೆ ನಮ್ಮಂಥವರಿಗೆ ಹಬ್ಬ: ಯಾರು, ಯಾರ ಹೆಂಡತಿ, ಯಾವಾಗ, ಎಲ್ಲ ಸರ್ಕಾರಿ ಕಾಗದದಲ್ಲಿ. 1816ರಲ್ಲಿ ಕಾಯ್ದೆ ಆಯಿತು, ಅದೇ ವರ್ಷ ಎರಡನೇ ಮದುವೆಯೂ ಆಯಿತು. ಸುಖವಾಗಿ ಸಂಸಾರ ಮಾಡಿದವರು ಬಿಟ್ಟುಹೋಗುವುದು ಒಂದು ಸಾಲು. ಜಗಳ ಆಡಿದವರು ಕಟ್ಟುಗಟ್ಟಲೆ ಕಡತ ಬಿಟ್ಟುಹೋಗುತ್ತಾರೆ.

ಆಮೇಲಿನದು ನೀರು ಕುಡಿದಷ್ಟು ಸುಲಭ. ಆನ್‌ಳ ಮಗ ರೆವರೆಂಡ್ ಚಾರ್ಲ್ಸ್ ಕ್ಯಾವೆಂಡಿಷ್-ಬೆಂಟಿಂಕ್, 1817. ಅವನ ಮಗಳು ಸಿಸಿಲಿಯಾ, 1862. ಸಿಸಿಲಿಯಾಳ ಮಗಳು ಎಲಿಜಬೆತ್ ಬೋಸ್-ಲಯನ್, 1900, ಅಂದರೆ ರಾಜಮಾತೆ. ಅವಳ ಮಗಳು ಎರಡನೇ ಎಲಿಜಬೆತ್, ಅವಳ ಮಗ ಚಾರ್ಲ್ಸ್. ಬಿರುದು ಕೊಡಲಾಗದ ಮಗಳ ವಂಶ ಸಿಂಹಾಸನ ಹತ್ತಿತು.

ನನಗೆ ಇದಕ್ಕಿಂತ ಜಾಸ್ತಿ ಖುಷಿ ಕೊಟ್ಟದ್ದು ಪಕ್ಕದ ಡಬ್ಬಿ. ಲಾರ್ಡ್ ಚಾರ್ಲ್ಸ್‌ನ ಅಣ್ಣ ಯಾರು ಗೊತ್ತಾ? ಲಾರ್ಡ್ ವಿಲಿಯಂ ಬೆಂಟಿಂಕ್. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಗದ್ದುಗೆಗೆ ಕೂರಿಸಿದ ಗವರ್ನರ್ ಜನರಲ್ ಆನ್‌ಗೆ ಅಪ್ಪ. 1831ರಲ್ಲಿ ಅದೇ ಮುಮ್ಮಡಿಯವರ ಕೈಯಿಂದ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್ ಅವಳಿಗೆ ಭಾವ. ಮೈಸೂರಿನ ಲೆಕ್ಕದಲ್ಲಿ ಇದೊಂಥರಾ ಬೀಗರ ಆಡಳಿತ!

ಸರಬರಾಜಿನವರ ಬಗ್ಗೆ ಎರಡು ಮಾತು. ಹಳೆ ಪುಸ್ತಕ ಮಾರುವ ಒಬ್ಬ ಮಹಾಶಯ 'ಸುಸ್ಥಿತಿಯಲ್ಲಿದೆ' ಅಂತ ಕಳಿಸಿದ ಸಂಪುಟದಲ್ಲಿ ಡಬ್ಲ್ಯೂ ಅಕ್ಷರದ ಹಾಳೆಗಳೇ ಇಲ್ಲ. ಕಸ್ಟಮ್ಸ್ ಸುಂಕ ಮಾತ್ರ ಪೂರ್ತಿ ಪುಸ್ತಕಕ್ಕೆ. ಚಂದಾ ಕಟ್ಟಿಸಿಕೊಳ್ಳುವ ಒಂದು ತಾಣ ಸ್ಕ್ಯಾನ್ ಅಂತ ಕೊಡುವುದು ಮಂಜು ಕವಿದ ಹಾಗಿರುವ ಚಿತ್ರ, ಸ್ಪಷ್ಟ ಪ್ರತಿಗೆ ಮತ್ತೆ ದುಡ್ಡು. ಚಾರ್ಟ್ ಪ್ರಿಂಟಿಗೆ ಫ್ಲೆಕ್ಸ್ ಅಂಗಡಿಗೆ ಹೋದರೆ ಹುಡುಗ ಕೇಳಿದ, "ಸಾರ್, ಇದರಲ್ಲಿ ಬರ್ತ್‌ಡೇ ಯಾರದು?"

ಚಾರ್ಟಿನಲ್ಲಿ ಆನ್‌ಗೆ ಚುಕ್ಕೆ ಗೆರೆ ಹಾಕಬೇಕು ಅನ್ನುವವರಿದ್ದಾರೆ. ನಾನು ಹಾಕಲ್ಲ. ಚುಕ್ಕೆ ದತ್ತು ಮಕ್ಕಳಿಗೆ, ಇವಳು ಹೆತ್ತ ಮಗಳು. ಮದುವೆಯ ವರ್ಷ ಪಕ್ಕದಲ್ಲೇ ಇದೆ, ಬೇಕಾದವರು ಲೆಕ್ಕ ಹಾಕಿಕೊಳ್ಳಲಿ.

ಮುಂದಿನದು ಹ್ಯಾರಿಸ್ ಮನೆತನ, ಕೈ ಆಗಲೇ ತುರಿಸುತ್ತಿದೆ. ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದ ಜನರಲ್ ಜಾರ್ಜ್ ಹ್ಯಾರಿಸ್‌ಗೆ 1815ರಲ್ಲಿ ಸಿಕ್ಕ ಬ್ಯಾರನ್ ಪದವಿಯಲ್ಲೇ ಶ್ರೀರಂಗಪಟ್ಟಣ, ಮೈಸೂರು ಎರಡೂ ಹೆಸರಿವೆ. ಅವನ ಮರಿಮಗ, ನಾಲ್ಕನೇ ಬ್ಯಾರನ್, ಇಂಗ್ಲೆಂಡ್ ಕ್ರಿಕೆಟ್ ತಂಡದ ಕ್ಯಾಪ್ಟನ್, ಆಮೇಲೆ ಬಾಂಬೆಯ ಗವರ್ನರ್. ನಾಲ್ಕು ತಲೆಮಾರು, ಒಂದೇ ಮನೆತನದ ಹೆಸರು, ಓಡಿಹೋದವರು ಇನ್ನೂ ಯಾರೂ ಕಂಡಿಲ್ಲ. ಕಡತ ಸಿಗುವುದು ಕಷ್ಟ ಅನ್ನಿಸುತ್ತಿದೆ.